ಅರಳದಂತೆ ನೋಡಿಕೊಂಡ ಗುಲಾಬಿ

ನಮ್ಮ ಮನೆಯ ಗೇಟಿಗೂ ಬಾಗಿಲಿಗೂ ನಡುವೆ ಇರುವ ಜಾಗ ಒಂದು ಸ್ಕೂಟರ್ ನಿಲ್ಲಿಸುವಷ್ಟು. ಬೆಟಗೇರಿಯಲ್ಲಿ ಈ ಮನೆ ಕಟ್ಟಿಸಿದಾಗ ಆ ಜಾಗ ಸ್ಕೂಟರಿಗೆ ಎಂದು ನಾನು, ಗಿಡಕ್ಕೆ ಎಂದು ನನ್ನ ಹೆಂಡತಿ, ಎಂಟು ದಿನ ಜಗಳವಾಡಿದೆವು. ಗೆದ್ದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಹನ್ನೆರಡು ವರ್ಷಗಳಿಂದ ನನ್ನ ಸ್ಕೂಟರ್ ರಸ್ತೆಯಲ್ಲಿ ಬಿಸಿಲು ಕಾಯುತ್ತಿದೆ, ಒಳಗೆ ಗುಲಾಬಿ ಗಿಡ ದೊರೆಸಾನಿಯ ಹಾಗೆ ನಿಂತಿದೆ.

ಅದು ನರ್ಸರಿಯಿಂದ ತಂದದ್ದಲ್ಲ, ಜವಾರಿ ಗುಲಾಬಿ. ತಿಳಿಗೆಂಪು ಬಣ್ಣ, ಒತ್ತೊತ್ತಾದ ಸಣ್ಣ ಎಸಳು, ಮೈತುಂಬ ಮುಳ್ಳು. ನೋಡಲು ಅಂಥ ಚೆಂದವೇನಲ್ಲ, ಬೆಳಿಗ್ಗೆ ಅರಳಿದ್ದು ಸಂಜೆಗೆ ಜೋತುಬೀಳುತ್ತದೆ. ಆದರೆ ಅದರ ವಾಸನೆಯೇ ವಾಸನೆ. ಒಂದೇ ಒಂದು ಹೂ ಅರಳಿದರೂ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದವಳಿಗೆ ಗೊತ್ತಾಗುತ್ತಿತ್ತು. ಲಕ್ಷ್ಮೇಶ್ವರದಲ್ಲಿ ಅವಳ ತವರಿನ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವಲ್ಲಿ, ಇದರ ತಾಯಿಗಿಡ ಇತ್ತು. ಅವಳ ತಾಯಿ ಅದರ ಎಸಳಿಗೆ ಸಕ್ಕರೆ ಬೆರೆಸಿ ಬಿಸಿಲಿಗಿಟ್ಟು ಗುಲ್ಕಂದ ಮಾಡುತ್ತಿದ್ದರು. ಈಗ ಆ ತಾಯಿಯೂ ಇಲ್ಲ, ಹಿತ್ತಲೂ ಇಲ್ಲ, ಅಲ್ಲಿ ಅಂಗಡಿಗಳ ಸಾಲು ಎದ್ದಿದೆ.

ಹಿತ್ತಲು ಅಗೆಯುವ ಹಿಂದಿನ ದಿನ ಒಂದು ಕಡ್ಡಿ ಕತ್ತರಿಸಿ, ಹಸಿ ಗೋಣಿತಾಟಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಅವಳು ಗದಗಿನ ಬಸ್ಸು ಹತ್ತಿದಳು. ಆ ಬಸ್ಸಿನ ಕಂಡಕ್ಟರ್ ನಾನೇ. ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿ ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡವನು ನಾನು. ಇದಕ್ಕೂ ಟಿಕೆಟ್ ಹರಿಯುತ್ತೀರೇನು ಎಂದು ಅವಳು ಎಲ್ಲರ ಮುಂದೆ ಕೇಳಿದಳು, ಬಸ್ಸೆಲ್ಲ ನಕ್ಕಿತು, ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ಗಿಡ ಹೂ ಬಿಡತೊಡಗಿದ ಮೇಲೆ ದಿನವೂ ಬೆಳಿಗ್ಗೆ ಒಂದು ಹೂ ಅವಳ ತುರುಬಿಗೆ, ಒಂದು ನನ್ನ ಖಾಕಿ ಅಂಗಿಯ ಜೇಬಿಗೆ. ಬೇಡ, ಜನ ಚೇಷ್ಟೆ ಮಾಡುತ್ತಾರೆ ಎಂದು ನಾನು ಬೈಯುತ್ತಿದ್ದೆ. ಅವಳು ಕೇಳುತ್ತಿರಲಿಲ್ಲ, ನಾನೂ ತೆಗೆಯುತ್ತಿರಲಿಲ್ಲ.

ನಾನು ನಿವೃತ್ತನಾದ ಮರುವರ್ಷ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಗದಗಿನ ಡಾಕ್ಟರು ಕೈಯಿಂದ ಮುಟ್ಟಿ ನೋಡಿ, ತಡ ಮಾಡಬೇಡಿ, ಹುಬ್ಬಳ್ಳಿಗೆ ಹೋಗಿ ಎಂದರು. ಅಲ್ಲಿ ಆಪರೇಷನ್ ಆಯಿತು. ಆಮೇಲೆ ಇಪ್ಪತ್ತೊಂದು ದಿನಕ್ಕೊಮ್ಮೆ ಒಂದರಂತೆ ಆರು ಡೋಸು ಔಷಧ ಏರಿಸಬೇಕು ಎಂದರು. ಎರಡನೆಯ ಡೋಸಿಗೆ ಅವಳ ತಲೆಗೂದಲು ಬಾಚಣಿಗೆಯಲ್ಲಿ ಹಿಡಿಹಿಡಿಯಾಗಿ ಬಂತು. ಅದರ ಜೊತೆಗೆ ಮೂಗೂ ಕೆಟ್ಟಿತು. ಉಳ್ಳಾಗಡ್ಡಿ ಹುರಿದರೆ, ಸೋಪು ಹಚ್ಚಿದರೆ, ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಹತ್ತಿರ ಹೋದರೆ ಅವಳ ಹೊಟ್ಟೆ ತೊಳಸುತ್ತಿತ್ತು. ಅನ್ನ ಮತ್ತು ಮಜ್ಜಿಗೆಯ ಮೇಲೆ ನಮ್ಮ ಸಂಸಾರ ನಡೆಯತೊಡಗಿತು.

ಅಂಥದೊಂದು ಬೆಳಿಗ್ಗೆ ಅವಳು ಮಲಗುವ ಕೋಣೆಯ ಕಿಟಕಿಯ ಪಕ್ಕದ ಟೊಂಗೆಯಲ್ಲಿ ಎರಡು ಹೂ ಅರಳಿದ್ದವು. ನಾನು ಬಿಸಿನೀರು ತರುವಷ್ಟರಲ್ಲಿ ಅವಳು ಹಾಸಿಗೆಯ ಪಕ್ಕದ ಪ್ಲಾಸ್ಟಿಕ್ ಬುಟ್ಟಿಯೊಳಗೆ ವಾಂತಿ ಮಾಡಿಕೊಂಡು, ಸೆರಗಿನಿಂದ ಬಾಯಿ ಒರೆಸುತ್ತಿದ್ದಳು.

"ಹೊರಗ ಏನೋ ಸತ್ತೈತಿ ನೋಡ್ರಿ," ಎಂದಳು. "ಏನ್ ನಾತರೀ ಅದು. ತಗದು ಒಗದು ಬರ್ರಿ."

ಹೆಗ್ಗಣವೋ ಇಲಿಯೋ ಎಂದು ನಾನು ಗಟಾರವನ್ನೆಲ್ಲ ಬಡಿಗೆಯಿಂದ ಕೆದಕಿದೆ. ಏನೂ ಇರಲಿಲ್ಲ. ತಿರುಗಿ ನೋಡಿದಾಗ ಕಿಟಕಿಯ ಸರಳಿಗೆ ತಾಗಿಕೊಂಡು ಆ ಎರಡು ಹೂ. ಅವಳ ತಾಯಿಯ ಗುಲಾಬಿ ಅವಳಿಗೇ ಸತ್ತ ಹೆಗ್ಗಣದ ಹಾಗೆ ನಾರುತ್ತಿದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹೂಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ಒಳಗೆ ಬಂದು, ಇಲಿ ಸತ್ತಿತ್ತು, ಒಗೆದು ಬಂದೆ ಎಂದೆ.

ಅವತ್ತಿನಿಂದ ನನಗೆ ಅದೇ ಕೆಲಸವಾಯಿತು. ಅವಳು ಏಳುವ ಮೊದಲೇ ಎದ್ದು, ಬಣ್ಣ ಕಾಣಿಸಿದ ಮೊಗ್ಗುಗಳನ್ನೆಲ್ಲ ಹರಿಯುವುದು. ಕೈ ತುಂಬ ಮುಳ್ಳಿನ ಗೀರು. ಹಟಮಾರಿ ಗಿಡ, ಹರಿದಷ್ಟೂ ಹೊಸ ಮೊಗ್ಗು ಹಿಡಿಯಿತು. ಹರಿದದ್ದನ್ನು ಒಗೆಯಲು ಮನಸ್ಸು ಬರಲಿಲ್ಲ. ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ ನನ್ನ ಹಳೆಯ ಕಂಡಕ್ಟರ್ ಚೀಲ ಗೂಟಕ್ಕೆ ತೂಗುಹಾಕಿತ್ತು. ಚಿಲ್ಲರೆ ತುಂಬುತ್ತಿದ್ದ ಆ ಚರ್ಮದ ಚೀಲದೊಳಗೆ ಮೊಗ್ಗುಗಳನ್ನು ತುಂಬುತ್ತಾ ಹೋದೆ.

ಅವಳಿಗೆ ಮಲಗಿದಲ್ಲಿಂದ ಕಾಣುವುದು ಆ ಗಿಡ ಒಂದೇ. ಮೊಗ್ಗು ಹಿಡಿಯುತ್ತವೆ, ಅರಳುವುದಿಲ್ಲ, ಎಲ್ಲಿ ಹೋಗುತ್ತವೆ ಎಂದು ಕೇಳಿದಳು. ಹುಳ ಬಿದ್ದಿದೆ ಎಂದೆ. ಬೇವಿನೆಣ್ಣೆ ಹೊಡೆಯಿರಿ ಎಂದಳು. ನಳದ ನೀರಿಗೆ ವಾರಗಟ್ಟಲೆ ಕಾಯುವ ಊರಿನಲ್ಲಿ, ಒಂದು ಬಕೆಟ್ ಸಿಹಿನೀರಿಗೆ ಬೇವಿನೆಣ್ಣೆ ಕಲಸಿ, ಯಾವ ರೋಗವೂ ಇಲ್ಲದ ಗಿಡಕ್ಕೆ ಅವಳ ಕಣ್ಣೆದುರೇ ಹೊಡೆದೆ. ಅವಳು ಕಿಟಕಿಯೊಳಗಿಂದ, ಎಲೆಯ ಕೆಳಗೂ ಹೊಡೆಯಿರಿ ಎಂದು ಹೇಳಿಕೊಡುತ್ತಿದ್ದಳು. ನನ್ನ ಸುಳ್ಳಿಗೆ ನನಗೇ ಹೇಸಿಕೆಯಾಯಿತು.

ಮೂರನೆಯ ಡೋಸು ಆದ ಮೇಲೆ ಒಂದು ದಿನ ಪಕ್ಕದ ಮನೆಯ ಹಿರಿಯ ಹೆಂಗಸು ಪೂಜೆಗೆ ಹೂ ಕೇಳಲು ಬಂದರು. ಇಲ್ಲ, ಗಿಡ ಹೂ ಬಿಡುತ್ತಿಲ್ಲ ಎಂದೆ. ಅವರು ಗೇಟಿನ ಹತ್ತಿರವೇ ನಿಂತು, ಮನೆಯೊಡತಿ ಹಾಸಿಗೆ ಹಿಡಿದರೆ ಗಿಡಕ್ಕೆ ತಿಳಿಯುತ್ತದೆ ಎಂದು ದೊಡ್ಡ ದನಿಯಲ್ಲಿ ಮರುಗಿದರು. ಕಿಟಕಿ ತೆರೆದಿತ್ತು. ನಾನು ಅವರನ್ನು ಗದರಿಸಿ ಕಳಿಸಿದೆ, ಆದರೆ ಮಾತು ಒಳಗೆ ಹೋಗಿಬಿಟ್ಟಿತ್ತು. ಅವತ್ತಿನಿಂದ ಅವಳು ಗಿಡದ ಬಗ್ಗೆ ಕೇಳುವುದನ್ನು ಬಿಟ್ಟಳು.

ನಾಲ್ಕನೆಯ ಡೋಸಿನ ಬೆಳಿಗ್ಗೆ ಫೈಲು, ನೀರಿನ ಬಾಟಲಿ, ವಾಂತಿಗೆ ಪ್ಲಾಸ್ಟಿಕ್ ಚೀಲ, ಎಲ್ಲ ಹೊಂದಿಸಿಕೊಂಡು ಒಳಗೆ ಹೋದೆ. ಅವಳು ಸೀರೆ ಉಟ್ಟಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ನಾ ಬರೂದಿಲ್ರಿ," ಎಂದಳು. "ಗಿಡಕ್ಕ ಗೊತ್ತಾಗೇತಿ. ಮೊಗ್ಗ ಹಿಡೀತಾವ, ಅರಳೂದಿಲ್ಲ. ಸುಮ್ನ ಯಾಕ ಸೂಜಿ ಚುಚ್ಚಿಸ್ಕೊಳ್ಳೂದು? ನಮ್ಮವ್ವ ಕರಿಯಾಕತ್ತಾಳ."

ನನಗೆ ಎಲ್ಲಿತ್ತೋ ಸಿಟ್ಟು. ಹಾಸಿಗೆ ಹಿಡಿದವಳ ಮೇಲೆ ಕೂಗಾಡಿದೆ. ನಿನಗೆ ಬುದ್ಧಿ ಇದೆಯೇ, ಗಿಡ ಏನು ಡಾಕ್ಟರೇ ಎಂದೆಲ್ಲ ಅಂದೆ. ಅವಳು ಕದಲಲಿಲ್ಲ. ಅಳುತ್ತಲೂ ಇರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ನನ್ನ ಒಂದು ಸುಳ್ಳು ಇವಳನ್ನು ಕೊಲ್ಲುತ್ತದೆ ಎಂದು ಆಗ ಗೊತ್ತಾಯಿತು. ಮಾಳಿಗೆ ಹತ್ತಿ ಚೀಲ ತಂದು, ಅವಳ ಹಾಸಿಗೆಯ ಪಕ್ಕದಲ್ಲಿ ಮೊರದೊಳಗೆ ಸುರುವಿದೆ. ಒಣಗಿದ ಮೊಗ್ಗುಗಳು ಮೊರ ತುಂಬಿ ನೆಲಕ್ಕೆ ಚೆಲ್ಲಿದವು. ಒಣಗಿದರೂ ಆ ಗುಲಾಬಿ ವಾಸನೆ ಬಿಡುವುದಿಲ್ಲ. ಕೋಣೆ ತುಂಬಿಕೊಂಡಿತು.

"ಗಿಡಕ್ಕ ಏನೂ ಆಗಿಲ್ಲಲೇ," ಎಂದೆ. "ದಿನಾ ನಾನ ಹರದೇನಿ. ಅವತ್ತು ನಾರಿದ್ದು ಇಲಿ ಅಲ್ಲ."

ಅವಳು ಎದ್ದು ಕುಳಿತು ಒಂದು ಮೊಗ್ಗನ್ನು ಮೂಗಿನ ಹತ್ತಿರ ತಂದಳು. ತಕ್ಷಣ ಬುಟ್ಟಿಗೆ ಬಗ್ಗಿದಳು. ಹೊಟ್ಟೆಯಲ್ಲಿದ್ದ ಅಷ್ಟಿಷ್ಟು ಮಜ್ಜಿಗೆಯೂ ಬಂತು. ನಾನು ಬೆನ್ನು ಸವರುತ್ತಾ, ಇದನ್ನು ಯಾಕೆ ತಂದೆನೋ ಎಂದು ನನ್ನನ್ನು ನಾನೇ ಬೈದುಕೊಂಡೆ. ಅವಳು ಬಾಯಿ ಮುಕ್ಕಳಿಸಿ, ಬಹಳ ಹೊತ್ತು ಆ ಮೊರವನ್ನು ನೋಡಿದಳು.

"ಇದ ಆ ನಾತ," ಎಂದಳು. "ಹಂಗಾರ ಗಿಡ ಚಲೋ ಐತಿ. ಕೆಟ್ಟಿದ್ದು ನನ್ನ ಮೂಗು." ನನ್ನ ಕೈಯ ಗೀರುಗಳನ್ನು ನೋಡಿ, "ಇನ್ನೊಮ್ಮೆ ಹರದೀರಿ ಅಂದ್ರ ಕೈ ಮುರೀತೀನಿ," ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ. ಬಸ್ಸು ತಪ್ಪುತ್ತದೆ ಎಂದು ಮೊದಲು ನೆನಪಿಸಿದವಳು ಅವಳೇ.

ಹೊರಡುವಾಗ ಗಿಡದಲ್ಲಿ ಅರ್ಧ ಬಿರಿದ ಒಂದು ಮೊಗ್ಗಿತ್ತು. ನಾನು ಅವತ್ತು ಗಡಿಬಿಡಿಯಲ್ಲಿ ಹರಿಯದೆ ಬಿಟ್ಟದ್ದು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ತನ್ನ ಕೈಯಿಂದಲೇ ಅದನ್ನು ಹರಿದು ನನ್ನ ಅಂಗಿಯ ಜೇಬಿಗಿಟ್ಟಳು. ತುರುಬಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈಗ ಆರೂ ಡೋಸು ಮುಗಿದಿವೆ. ಕಡೆಯ ತಪಾಸಣೆಯ ರಿಪೋರ್ಟ್ ಇನ್ನೂ ಕೈಗೆ ಬಂದಿಲ್ಲ, ಫೋನ್ ಬಡಿದುಕೊಂಡರೆ ಎರಡು ಸಲ ನಂಬರು ನೋಡಿ ಎತ್ತುತ್ತೇನೆ. ಅಂಥ ಹೊತ್ತಿನಲ್ಲಿ ನಾಲ್ಕನೆಯ ಡೋಸಿಗೆ ಹುಬ್ಬಳ್ಳಿಗೆ ಹೋದ ಅವತ್ತಿನ ಬಸ್ಸನ್ನು ನೆನೆಯುತ್ತೇನೆ. ನಾನು ಅವಳ ಪಕ್ಕ ಕೂರಲು ಹೋದೆ. ಹೂ ಇರಬೇಕು, ಆದರೆ ವಾಸನೆ ಬರಬಾರದು, ಹಿಂದೆ ಸರಿಯಿರಿ ಎಂದಳು. ಮೂವತ್ತು ವರ್ಷ ಊರ ಮಂದಿಯನ್ನೆಲ್ಲ ಹಿಂದೆ ಮುಂದೆ ಸರಿಸಿದ ನಾನು ಬಾಯಿ ಮುಚ್ಚಿಕೊಂಡು ಹೋಗಿ ಕಟ್ಟಕಡೆಯ ಸೀಟಿನಲ್ಲಿ ಕುಳಿತೆ. ಅವಳು ಮುಂದೆ, ಕಿಟಕಿಯ ಪಕ್ಕ, ತಲೆತುಂಬ ಸೆರಗು ಹೊದ್ದು ಕುಳಿತಿದ್ದಳು. ಅಣ್ಣಿಗೇರಿ ದಾಟುವಾಗ ಅವಳು ಹಿಂತಿರುಗಿ, ಜನರ ತಲೆಗಳ ನಡುವಿನಿಂದ ನನ್ನ ಜೇಬಿನ ಕಡೆ ಬೆರಳು ತೋರಿಸಿ, ಅರಳಿತೇ ಎಂದು ಸನ್ನೆಯಲ್ಲಿ ಕೇಳಿದಳು. ಅರಳಿತ್ತು. ನಾನು ಎದ್ದು ನಿಂತು ತೋರಿಸಿದೆ.