ಮಕ್ಕಳ ಗಲಾಟೆ ಬೇಕೆಂದ ಆಯಮ್ಮ

ಆ ಶಿಶುವಿಹಾರದಲ್ಲಿ ಆಯಮ್ಮನಿಗೆ ಅದು ಇಪ್ಪತ್ತಾರನೇ ವರ್ಷ. ಮೂರು-ನಾಲ್ಕು ವರ್ಷದ ಹದಿನಾಲ್ಕು ಮಕ್ಕಳ ಮೂಗು ಒರೆಸಿ, ಜಗಳ ಬಿಡಿಸಿ, ಸಂಜೆ ಅಮ್ಮಂದಿರ ಕೈಗೆ ಒಪ್ಪಿಸುವುದು ಆಕೆಯ ಕೆಲಸ. ಒಂದು ದಿನ ಒಡತಿ ಮಗುವಿಗೊಂದರಂತೆ ಟ್ಯಾಬ್ ತಂದು ಹಂಚಿದಳು. ಕಾರು ಓಡಿಸುವ ಆಟ, ಬಲೂನು ಒಡೆಯುವ ಆಟ. ಕೋಣೆ ಗಪ್‌ಚುಪ್ಪಾಯಿತು. ಅಮ್ಮಂದಿರು ಹೊಗಳಿದರು. ಆಯಮ್ಮನಿಗೆ ಮಾತ್ರ ಆ ಮೌನ ಹಿಡಿಸಲಿಲ್ಲ.

ಎರಡನೇ ವಾರ, ಬಾಯಿ ಮುಚ್ಚದ ಕಾರಣಕ್ಕೆ ಎಲ್ಲರೂ ‘ರೇಡಿಯೋ’ ಎನ್ನುತ್ತಿದ್ದ ಹುಡುಗಿ ಕೂತಲ್ಲೇ ಉಚ್ಚೆ ಮಾಡಿಕೊಂಡಳು. ಚಡ್ಡಿ ತೋಯ್ದು ಚಾಪೆಗೆ ಇಳಿದರೂ ಬೆರಳು ಬಲೂನು ಒಡೆಯುತ್ತಲೇ ಇತ್ತು.

"ಬಂತು ಅಂತ ಗೊತ್ತಾಗ್ಲಿಲ್ವಾ ಕಂದಾ?"

"ಗೊತ್ತಾಯ್ತು. ಎದ್ರೆ ಸೋತ್ಹೋಗ್ತೀನಿ."

ಟ್ಯಾಬ್ ಕಿತ್ತುಕೊಂಡ ಆಯಮ್ಮನ ಮುಂಗೈಗೆ ಹುಡುಗಿ ಹಲ್ಲು ಊರಿದಳು.

"ಬಟ್ಟೆ ಬದಲಾಯಿಸಿ ಕಳ್ಸಿ. ಮನೆಯವರಿಗೆ ಹೇಳ್ಬೇಡಿ," ಎಂದಳು ಒಡತಿ.

"ಹೇಳ್ತೀನಿ ಮೇಡಂ. ಮಗು ಏನು ತಿಂತು, ಎಷ್ಟೊತ್ತು ಮಲಗ್ತು ಅಂತ ದಿನಾ ಹೇಳ್ತೀನಲ್ಲ. ಇದನ್ನ ಮಾತ್ರ ಯಾಕೆ ನುಂಗ್ಕೊಳ್ಳಲಿ?"

ಹೇಳಿಯೂ ಬಿಟ್ಟಳು, ಗೇಟಿನಲ್ಲಿ ನಿಂತು, ಎಲ್ಲ ಅಮ್ಮಂದಿರಿಗೂ, ಕಚ್ಚಿದ ಗುರುತು ತೋರಿಸಿ. ಒಬ್ಬಾಕೆ ಸಿಡುಕಿದಳು: "ನೀವೇನು ಡಾಕ್ಟ್ರಾ?"

"ಅಲ್ಲಮ್ಮ, ಚಡ್ಡಿ ಒಗೆಯೋಳು."

ಆ ಹುಡುಗಿಯ ತಾಯಿ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುವವಳು. ಆ ಗುರುತನ್ನು ಬಗ್ಗಿ ನೋಡಿ, ಮಗಳನ್ನು ಎತ್ತಿಕೊಂಡು ಹೋದಳು.

ಮರುದಿನ ಆಯಮ್ಮ ಹದಿನಾಲ್ಕೂ ಟ್ಯಾಬುಗಳನ್ನು ಒಯ್ದು ಒಡತಿಯ ಮೇಜಿನ ಮೇಲೆ ಪೇರಿಸಿದಳು. "ನನ್ನ ಕೋಣೇಲಿ ಇವು ಬೇಡ."

"ಹಾಗಾದ್ರೆ ನಿಮಗೂ ಇಲ್ಲಿ ಕೆಲಸ ಬೇಡ."

"ಆಗ್ಲಿ. ಈ ಮಕ್ಕಳನ್ನ ನೋಡ್ಕೊಳ್ಳೋರು ಸಿಗೋ ತನಕ ಇರ್ತೀನಿ."

ಮೊದಲ ವಾರ ನರಕ. ಮಕ್ಕಳು ಕಿರುಚಿದವು, ಒದ್ದವು. ಒಂದು ಮಗು ಬರಿ ನೆಲದ ಮೇಲೆ ಬೆರಳಾಡಿಸುತ್ತ ಕೂತಿತು. ಆಯಮ್ಮ ಹಳೆಯ ಡಬ್ಬ, ಸೌಟು, ಒಂದು ಬುಟ್ಟಿ ಮರಳು ತಂದು ನಡುವೆ ಸುರಿದಳು. ಹೊಸ ಆಯಾಗಳು ಇಬ್ಬರು ಬಂದು, ಒಂದು ಹೊತ್ತು ನೋಡಿ, ಬಂದ ದಾರಿ ಹಿಡಿದರು. ಎರಡು ಮಕ್ಕಳನ್ನು ಮನೆಯವರು ಬಿಡಿಸಿಕೊಂಡರು. ಆಗ ಲಿಫ್ಟಿನ ಹೆಂಗಸು ಒಡತಿಯ ಮುಂದೆ ನಿಂತು, "ಆಯಮ್ಮ ಹೋದ್ರೆ ನನ್ನ ಮಗಳೂ ಬರಲ್ಲ," ಎಂದಳು. ಇನ್ನೂ ಐವರು ಅದನ್ನೇ ಅಂದರು.

ಆಯಮ್ಮ ಈಗಲೂ ಅಲ್ಲೇ ಇದ್ದಾಳೆ. ಒಡತಿ ಆಕೆಯೊಡನೆ ಮಾತು ಬಿಟ್ಟಿದ್ದಾಳೆ; ಹೇಳುವುದಿದ್ದರೆ ಚೀಟಿ ಕಳಿಸುತ್ತಾಳೆ. ಆಯಮ್ಮ ಅದನ್ನು ನಿಧಾನವಾಗಿ ಓದಿ, ಮಡಚಿ, ಮಕ್ಕಳಿಗೆ ದೋಣಿ ಮಾಡಿಕೊಡುತ್ತಾಳೆ.