ಅಜ್ಜಿಯ ಕಣ್ಣು, ಕಂಡಕ್ಟರರ ಉಪವಾಸ

ಮೊನ್ನೆ ನನ್ನ ಪೋಸ್ಟಿನ ಕೆಳಗೆ ಒಬ್ಬರು ಕೇಳಿದ್ದರು: ಆಂಬುಲೆನ್ಸ್ ಇಲ್ಲದ ಕಾಲದಲ್ಲಿ ನಡೆಯಲಾಗದ ಮುದುಕರನ್ನು ಆಸ್ಪತ್ರೆಗೆ ಹೇಗೆ ಕರೆದುಕೊಂಡು ಹೋಗುತ್ತಿದ್ದಿರಿ ಎಂದು. ಹೊತ್ತುಕೊಂಡು, ಮತ್ತೆ ಹೇಗೆ? ಆದರೆ ನಮ್ಮ ಅಜ್ಜಿಯ ಕಥೆ ಅಷ್ಟರಲ್ಲಿ ಮುಗಿಯುವುದಿಲ್ಲ. ಪುರುಸೊತ್ತಿದ್ದರೆ ಓದಿ, ಇಲ್ಲದಿದ್ದರೆ ಮುಂದೆ ಹೋಗಿ, ನನಗೇನೂ ಬೇಸರವಿಲ್ಲ.

ಅರವತ್ತರ ದಶಕದ ಮಾತು. ಮೂಡಬಿದಿರೆ ಹತ್ತಿರದ ಪುತ್ತಿಗೆಯಲ್ಲಿ ನಮ್ಮ ಮನೆ. ನಾನು ಹೈಸ್ಕೂಲು ಮುಗಿಸಿ, ಗಂಡು ನೋಡುತ್ತಾರೆ ಎಂಬ ನೆಪದಲ್ಲಿ ಮನೆಯಲ್ಲಿ ಕೂತಿದ್ದೆ. ಅಜ್ಜಿಗೆ ಮೊಣಕಾಲು ಎರಡೂ ಹೋಗಿದ್ದವು. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

ಸರ್ಕಾರಿ ಆರೋಗ್ಯ ಕೇಂದ್ರದ ನರ್ಸಮ್ಮ ವಾರಕ್ಕೊಮ್ಮೆ ಗದ್ದೆಯ ಹುಣಿಯಲ್ಲಿ, ಆ ಕಿರಿದಾದ ಬದುವಿನ ಮೇಲೆ ನಡೆದು ಬಂದು, ಅಜ್ಜಿಯ ಕಾಲಿನ ಹುಣ್ಣು ತೊಳೆದು ಪಟ್ಟಿ ಕಟ್ಟಿ ಹೋಗುತ್ತಿದ್ದರು. ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ, ಎಲ್ಲ ಸರ್ಕಾರದ್ದು. ಒಂದು ದಿನ ಅವರು ಅಜ್ಜಿಯ ರೆಪ್ಪೆ ಎತ್ತಿ ನೋಡಿ ಹೇಳಿದರು, "ಒಂದು ಕಣ್ಣಿನ ಪೊರೆ ಹಣ್ಣಾಗಿದೆ ಅಮ್ಮ. ಬೆಳ್ತಂಗಡಿ ಆಸ್ಪತ್ರೆಗೆ ಕಣ್ಣಿನ ಡಾಕ್ಟ್ರು ಬರ್ತಾರೆ. ತೆಗೆಸುವ. ಅಲ್ಲಿ ಕೂಡ ಎಲ್ಲ ಸರ್ಕಾರದ್ದೇ."

"ಮನೆಗೆ ಬರುವುದು ಸರ್ಕಾರ, ಕಣ್ಣು ಕೊಯ್ಯುವುದು ಸರ್ಕಾರ," ಅಂದರು ಅಜ್ಜಿ. "ನಡುವಿನ ದಾರಿ ಯಾರದ್ದು? ನನ್ನ ಅಜ್ಜನದ್ದಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಬೆಳ್ತಂಗಡಿಗೆ ವೇಣೂರು ದಾರಿಯಲ್ಲಿ ಹೋಗಬೇಕು, ಕೆಂಪು ಮಣ್ಣಿನ ರಸ್ತೆ, ಹೊಂಡಗಳೇ ಹೆಚ್ಚು. ಪೊರೆ ತೆಗೆದ ಮೇಲೆ ತಲೆ ಅಲ್ಲಾಡಬಾರದು. ನರ್ಸಮ್ಮ ಆ ದಾರಿಯ ಬಸ್ಸಿನವರ ಹತ್ತಿರ ತಾವೇ ಹೋಗಿ ಮಾತಾಡಿದರು. ಡ್ರೈವರರ ಹಿಂದಿನ ಉದ್ದ ಸೀಟು ಅಜ್ಜಿಗೆ ಎಂದಾಯಿತು. ಮನೆಯಿಂದ ರಸ್ತೆಗೆ ಕುರ್ಚಿಯಲ್ಲಿ ಕೂರಿಸಿ ಹೊರಲು ಅಜ್ಜಿಯ ಮಗ, ಅಂದರೆ ನನ್ನ ಸೋದರಮಾವ, ಮತ್ತು ಅವರ ಗೆಳೆಯರು ಒಪ್ಪಿದರು.

ಒಪ್ಪದವರು ಅಜ್ಜಿ ಒಬ್ಬರೇ. ಕತ್ತಿಯ ಹೆದರಿಕೆ ಅಲ್ಲ. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಹುಟ್ಟಿದಂದಿನಿಂದ ಅಜ್ಜಿ ಅದನ್ನು ತಪ್ಪಿಸಿದವರಲ್ಲ. ಕಣ್ಣು ಮಂಜಾದರೂ ಅಂಗಳದ ಬೆಳಕು ನೋಡಿ ಉಣ್ಣುತ್ತಿದ್ದರು. ಆದರೆ ಆಗಿನ ಕ್ರಮದಲ್ಲಿ ಒಂದು ಕಣ್ಣು ಕೊಯ್ದರೂ ಎರಡನ್ನೂ ಕಟ್ಟಿಬಿಡುತ್ತಿದ್ದರು.

"ಕಣ್ಣು ಕಟ್ಟಿದ ಮೇಲೆ ಸೂರ್ಯ ಉಂಟಾ ಇಲ್ಲವಾ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ನಾವು ಹೇಳ್ತೇವಲ್ಲ ಅಮ್ಮ," ಅಂದರು ಮಾವ.

"ನೀನಾ? ಆ ಮಳೆಗಾಲದಲ್ಲಿ ಸೂರ್ಯ ಉಂಟು ಉಂಟು ಅಂತ ಉಣ್ಣಿಸಿದವ ನೀನೇ ಅಲ್ವಾ? ನಾನು ಕೈ ತೊಳೆಯುವಾಗ ಹಲಸಿನ ಮರದಲ್ಲಿ ಬಾವಲಿ ಕಿರುಚ್ತಾ ಇತ್ತು!"

ಮಾವ ಸುಳ್ಳು ಹೇಳಿದ್ದು ಹೌದು, ಅಜ್ಜಿ ಹಸಿದು ಮಲಗಬಾರದೆಂಬ ಪ್ರೀತಿಯಿಂದ. ಆದರೆ ಅಜ್ಜಿಯ ಲೆಕ್ಕದಲ್ಲಿ ಮನೆಯವರ ಮಾತಿಗೆ ಅಂದಿನಿಂದ ಬೆಲೆಯಿಲ್ಲ. ಪ್ರೀತಿ ಇರುವವರು ಸುಳ್ಳು ಹೇಳುತ್ತಾರೆ ಎಂಬುದು ಅವರ ಸಿದ್ಧಾಂತ. ನಿಜ ಹೇಳಬೇಕಾದರೆ, ಅದು ತಪ್ಪು ಸಿದ್ಧಾಂತವೇನೂ ಅಲ್ಲ.

ಕೊನೆಗೆ ಅಜ್ಜಿಯೇ ಒಂದು ದಾರಿ ಹುಡುಕಿದರು. ಕಣ್ಣು ಕಟ್ಟಿರುವಷ್ಟು ದಿನ ಮಧ್ಯಾಹ್ನದ ಊಟ ಮಾತ್ರ, ಆ ಹೊತ್ತಿಗೆ ಸೂರ್ಯನ ಬಗ್ಗೆ ಸಂಶಯವೇ ಬೇಡ. ಆಮೇಲೆ ಮರುದಿನದವರೆಗೆ ಏನೂ ಇಲ್ಲ, ಯಾರೂ ಒತ್ತಾಯ ಮಾಡಬಾರದು. ಈ ಷರತ್ತಿನ ಮೇಲೆ ಅಜ್ಜಿಯ ಮೆರವಣಿಗೆ ಕುರ್ಚಿಯಲ್ಲಿ ಹೊರಟಿತು.

ಆಸ್ಪತ್ರೆಯಲ್ಲಿ ಅಜ್ಜಿಯ ಜೊತೆ ಉಳಿದವಳು ನಾನೊಬ್ಬಳೇ. ಆಪರೇಷನ್ ಚೆನ್ನಾಗಿಯೇ ಆಯಿತು. ಹಾಳಾದದ್ದು ಹೊಟ್ಟೆ. ಒಂದೇ ಹೊತ್ತಿನ ಗಂಜಿಯಲ್ಲಿ ಅಜ್ಜಿ ಸೊರಗಿದರು, ಕೂರಿಸಿದರೆ ತಲೆ ತಿರುಗುತ್ತಿತ್ತು. ಬಿಡುಗಡೆಯ ದಿನ ಡಾಕ್ಟರು ನನ್ನನ್ನು ಮೂಲೆಗೆ ಕರೆದು ಗದರಿದರು. "ಕಣ್ಣಿನ ಕಟ್ಟು ಇನ್ನೂ ಕೆಲವು ದಿನ ಬಿಚ್ಚುವಂತಿಲ್ಲ, ನಿಮ್ಮ ನರ್ಸೇ ಮನೆಗೆ ಬಂದು ಬಿಚ್ಚಲಿ. ಆದರೆ ಹೀಗೆ ಉಪವಾಸ ಹಾಕಿ ತಲೆ ತಿರುಗಿ ಬಿದ್ದರೆ ಆ ಕಣ್ಣು ಹೋಯಿತು ಅಂತಲೇ ತಿಳಿಯಿರಿ. ಇವತ್ತು ಸಂಜೆ ಹೊಟ್ಟೆಗೆ ಹಾಕಿ ಮಾತ್ರೆ ಕೊಡಲೇಬೇಕು."

ಆ ಗಡಿಬಿಡಿಯಲ್ಲಿ ಮಧ್ಯಾಹ್ನದ ಗಂಜಿಯೂ ತಪ್ಪಿಹೋಯಿತು. ನಾನು ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಕುದಿಸಿ ಆರಿಸಿದ ನೀರು ಕಟ್ಟಿಕೊಂಡೆ. ಬಿಸಿಲು ಇರುವಾಗಲೇ ಮನೆ ಮುಟ್ಟುತ್ತೇವೆ, ಅಲ್ಲಿ ನರ್ಸಮ್ಮ ಕಾಯುತ್ತಿರುತ್ತಾರೆ, ಅವರು ಹೇಳಿದರೆ ಅಜ್ಜಿ ಕೇಳಬಹುದು ಎಂಬುದು ನನ್ನ ಲೆಕ್ಕ.

ಲೆಕ್ಕ ತಪ್ಪಿಸಿದವರು ಆ ಡ್ರೈವರ್, ಪುಣ್ಯಾತ್ಮ. ಬೇರೆ ದಿನಗಳಲ್ಲಿ ಹೊಂಡ ಕಂಡರೆ ಹಾರಿಸುವವರು ಅಂದು ಪ್ರತಿ ಹೊಂಡದ ಮುಂದೆ ನಿಲ್ಲಿಸಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಬಸ್ಸನ್ನು ಇಳಿಸುತ್ತಿದ್ದರು. ನನ್ನ ತೊಡೆಯ ಮೇಲೆ ಅಜ್ಜಿಯ ತಲೆ ಸ್ವಲ್ಪವೂ ಕದಲಲಿಲ್ಲ. ಕದಲಿದ್ದು ಸೂರ್ಯ ಮಾತ್ರ. ಚಳಿಗಾಲದ ಹಗಲು, ಬೇಗ ಮುಗಿಯುತ್ತದೆ. ವೇಣೂರು ದಾಟುವಾಗಲೇ ಬಿಸಿಲು ಹಳದಿಯಾಗಿತ್ತು.

ಹಿಂದಿನ ಸೀಟಿನಲ್ಲಿ ವೇಣೂರಿನಲ್ಲಿ ಹತ್ತಿದ ಬಂಟ್ವಾಳದ ಒಬ್ಬ ವ್ಯಾಪಾರಿ ಇದ್ದರು. "ಇದೆಂತ ಮಾರಾಯ್ರೆ, ಬಸ್ಸಾ ಅಥವಾ ಮದುವೆ ದಿಬ್ಬಣವಾ? ನನಗೆ ಮೂಡಬಿದಿರೆಯಲ್ಲಿ ಬಂಟ್ವಾಳದ ಬಸ್ಸು ಸಿಗ್ಲಿಕ್ಕಿಲ್ಲ!"

"ಸಿಗದಿದ್ದರೆ ನಮ್ಮ ಮನೆಗೆ ಬನ್ನಿ," ಅಜ್ಜಿ ಮಲಗಿದಲ್ಲಿಂದಲೇ ಹೇಳಿದರು. "ಆದರೆ ರಾತ್ರಿ ಊಟ ಇಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ನಗು ಬರಲಿಲ್ಲ. ಮನೆಯವರೆಗೆ ಬೆಳಕು ಉಳಿಯುವುದಿಲ್ಲ ಎಂದು ಕಾಣುತ್ತಿತ್ತು. ಡ್ರೈವರರ ಹತ್ತಿರ ವಿಷಯ ಹೇಳಿದೆ. ಅವರು ಒಂದು ದಿಣ್ಣೆಯ ಮೇಲೆ ಬಸ್ಸು ನಿಲ್ಲಿಸಿ ಇಂಜಿನ್ ಬಂದ್ ಮಾಡಿದರು. ಅಜ್ಜಿಯನ್ನು ಮೆಲ್ಲಗೆ ಎಬ್ಬಿಸಿ ನನಗೆ ಒರಗಿಸಿಕೊಂಡೆ.

"ಅಜ್ಜಿ, ಸೂರ್ಯ ಉಂಟು. ಎರಡು ತುತ್ತು ತಿನ್ನಿ."

"ನೀನು ನಿನ್ನ ಮಾವನ ಸೊಸೆ."

"ದೇವರಾಣೆ ಉಂಟು ಅಜ್ಜಿ!" ಪಕ್ಕದ ಸೀಟಿನ ಹೆಂಗಸು ಹೇಳಿದಳು. "ಗುಡ್ಡೆಯ ಮೇಲೆ ಎರಡು ತೆಂಗಿನಮರದಷ್ಟು ಎತ್ತರದಲ್ಲಿ ಉಂಟು!" ಎಂದು ವ್ಯಾಪಾರಿಯೂ ಬೊಬ್ಬೆ ಹಾಕಿದರು.

"ನಿಮಗೆ ಬಂಟ್ವಾಳದ ಬಸ್ಸು ಬೇಕು. ನೀವು ಅಮಾವಾಸ್ಯೆಯ ರಾತ್ರಿ ಕೂಡ ಸೂರ್ಯ ಉಂಟು ಹೇಳ್ತೀರಿ."

ಆಗ ಬಾಗಿಲಲ್ಲಿ ನಿಂತಿದ್ದ ಕ್ಲೀನರ್ ಬಾಯಿ ಹಾಕಿದ. "ಅಮ್ಮ, ನಮ್ಮ ಕಂಡಕ್ಟ್ರ ಹತ್ರ ಕೇಳಿ. ಇವರು ಬೆಳಿಗ್ಗೆಯಿಂದ ಸೂರ್ಯನಿಗೆ ಬೈತಾ ಇದ್ದಾರೆ."

"ಯಾಕೆ, ಸೂರ್ಯ ಇವರಿಗೆ ಎಂತ ಮಾಡಿದ?"

ಕಂಡಕ್ಟರ್ ಬ್ಯಾರಿ, ಅಂದರೆ ನಮ್ಮ ಕಡೆಯ ಮುಸಲ್ಮಾನರು, ನಡುವಯಸ್ಸಿನವರು. ನಾಚಿಕೊಂಡು ಹೇಳಿದರು, "ರಂಜಾನಿನ ಉಪವಾಸ ಅಮ್ಮ. ಸೂರ್ಯ ಮುಳುಗದೆ ನಮಗೆ ಒಂದು ತೊಟ್ಟು ನೀರೂ ಇಲ್ಲ."

ಅಜ್ಜಿ ನೆಟ್ಟಗೆ ಕೂತರು. "ನೀರೂ ಇಲ್ಲ? ಬೆಳಿಗ್ಗೆಯಿಂದ?"

"ಬೆಳಕು ಹರಿಯುವ ಮೊದಲಿನಿಂದ."

"ಹಾಗಾದರೆ ನೀವು ಹೇಳಿ. ಉಂಟಾ?"

ಕಂಡಕ್ಟರ್ ಕೆಳಗಿಳಿದು, ಪಶ್ಚಿಮಕ್ಕೆ ಹಣೆಗೆ ಕೈ ಹಿಡಿದು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಉಂಟಮ್ಮ. ನನ್ನ ಗ್ರಹಚಾರಕ್ಕೆ ಇನ್ನೂ ಉಂಟು," ಅಂದರು.

ಅಂಥ ನಿಟ್ಟುಸಿರನ್ನು ಯಾರೂ ನಟಿಸಲಾರರು. ಅಜ್ಜಿಗೆ ನಂಬಿಕೆ ಬಂತು. ಬಂದರೂ ಅವರು ಅಜ್ಜಿಯಲ್ಲವೇ? "ನಿಮ್ಮ ತಿಂಡಿ ಎಲ್ಲಿ? ನನ್ನ ಮಡಿಲಲ್ಲಿ ಇಡಿ. ನನಗೆ ಕಣ್ಣು ಕಾಣುವುದಿಲ್ಲ, ನೀವು ಆಚೆ ಹೋಗಿ ತಿಂದರೆ ಗೊತ್ತಾಗ್ಲಿಕ್ಕಿಲ್ಲ."

ಕಂಡಕ್ಟರ್ ನಗುತ್ತಾ ಖರ್ಜೂರದ ಪೊಟ್ಟಣವನ್ನು ತಂದು ಅಜ್ಜಿಯ ಮಡಿಲಲ್ಲಿಟ್ಟರು. ಎಡಗೈಯಲ್ಲಿ ಪೊಟ್ಟಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಅಜ್ಜಿ ಬಲಗೈಯಲ್ಲಿ ಅವಲಕ್ಕಿ ತಿನ್ನಲು ಶುರು ಮಾಡಿದರು. ಅಬ್ಬಾ, ಏನು ತಿಂದರು! ವಾರದ ಹಸಿವು. ಅವಲಕ್ಕಿ ಖಾಲಿ, ಬೆಲ್ಲ ಖಾಲಿ. ಮಾತ್ರೆ ನುಂಗಿದರು, ನೀರು ಕುಡಿದರು. ನಡುನಡುವೆ "ಉಂಟಾ?" ಎಂದರೆ ಹೊರಗಿನಿಂದ "ಉಂಟಮ್ಮಾ" ಎಂದು ಸೋತ ಸ್ವರ ಬರುತ್ತಿತ್ತು. ಪ್ರತಿ ಸಲವೂ ಬಸ್ಸಿನಲ್ಲಿ ನಗು. ಗಂಡಸರೆಲ್ಲ ಕೆಳಗಿಳಿದು ಕಂಡಕ್ಟರರ ಪಕ್ಕದಲ್ಲಿ ಸಾಲಾಗಿ ನಿಂತು ಸೂರ್ಯನನ್ನು ನೋಡುತ್ತಿದ್ದರು. ವ್ಯಾಪಾರಿಯೂ ಬಂಟ್ವಾಳವನ್ನು ಮರೆತು, "ಅರ್ಧ ಹೋಯ್ತು ಅಜ್ಜೀ, ಬೇಗ ಬೇಗ!" ಎಂದು ಹುರಿದುಂಬಿಸುತ್ತಿದ್ದರು. ಓಟದ ಕೋಣಕ್ಕೆ ಕೂಗುವ ಹಾಗೆ.

ನಾನು ಬಾಳೆಹಣ್ಣು ಸುಲಿದು ಅಜ್ಜಿಯ ಕೈಗೆ ಕೊಟ್ಟೆ. ಬಾಯಿಯ ಹತ್ತಿರ ಹೋಗಿತ್ತು.

"ಆಯಿತು ಅಮ್ಮ! ಹೋಯಿತು!" ಕಂಡಕ್ಟರ್ ಕೂಗಿದರು.

ಅಜ್ಜಿಯ ಕೈ ಅಲ್ಲೇ ನಿಂತಿತು. ಹಲ್ಲು ತಾಗಿರಲಿಲ್ಲ. ಹಾಗೇ ಹಣ್ಣನ್ನು ಬಾಗಿಲಿನ ಕಡೆ ಚಾಚಿದರು. "ಇದು ನನಗೆ ಇನ್ನು ಆಗುವುದಿಲ್ಲ, ನಿಮಗೆ ಈಗ ಆಗ್ತದೆ. ತೆಗೊಳ್ಳಿ. ನಿಮ್ಮ ಖರ್ಜೂರವನ್ನೂ ತೆಗೊಳ್ಳಿ, ಒಂದೂ ಕಡಿಮೆಯಾಗಿಲ್ಲ."

ಕಂಡಕ್ಟರ್ ಮೊದಲು ಒಂದು ಖರ್ಜೂರ ಬಾಯಿಗೆ ಹಾಕಿ, ನಾವು ಕೊಟ್ಟ ನೀರು ಕುಡಿದು, ಆಮೇಲೆ ಬಾಳೆಹಣ್ಣು ತಿಂದರು. ಉಳಿದ ಖರ್ಜೂರವನ್ನು ಬಸ್ಸಿನಲ್ಲೆಲ್ಲ ಹಂಚಿದರು. ಸೂರ್ಯ ಮುಳುಗಿಯಾಗಿತ್ತು, ಹಾಗಾಗಿ ನಾನು ನನ್ನ ಪಾಲನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ. ಬಸ್ಸು ಮತ್ತೆ ಆಮೆಯ ಹಾಗೆ ಹೊರಟಿತು. ಯಾರೂ ಗೊಣಗಲಿಲ್ಲ. ವ್ಯಾಪಾರಿಗೆ ಬಂಟ್ವಾಳದ ಬಸ್ಸು ಸಿಗಲಿಲ್ಲ. ಮೂಡಬಿದಿರೆಯಲ್ಲಿ ನೆಂಟರ ಮನೆಗೆ ಹೋದರಂತೆ, ಅಲ್ಲಿ ರಾತ್ರಿ ಊಟ ಇತ್ತಂತೆ.

ಅಜ್ಜಿ ಬೀಳಲಿಲ್ಲ, ತಲೆ ತಿರುಗಲಿಲ್ಲ. ನರ್ಸಮ್ಮ ಮನೆಗೆ ಬಂದು ಕಟ್ಟು ಬಿಚ್ಚಿದರು. ಕೆಲವು ವಾರಗಳ ನಂತರ ಆಸ್ಪತ್ರೆಯಿಂದ ಬಂದ ದಪ್ಪ ಕನ್ನಡಕವನ್ನು ತಾವೇ ತಂದು ಅಜ್ಜಿಯ ಮೂಗಿನ ಮೇಲೆ ಕೂರಿಸಿದರು. ಅಜ್ಜಿ ತುಂಬ ಹೊತ್ತು ಅವರ ಮುಖವನ್ನೇ ನೋಡಿದರು.

"ನೀವು ಇಷ್ಟು ಚಿಕ್ಕ ಹುಡುಗಿಯಾ? ನಿಮ್ಮ ಗದರುವಿಕೆ ಕೇಳಿ ಮೊಮ್ಮಕ್ಕಳಿರುವ ಹೆಂಗಸು ಅಂತ ಎಣಿಸಿದ್ದೆ."

ಆಮೇಲೆ ನನ್ನನ್ನು ನೋಡಿದರು. "ಇವಳಿಗೆ ಗಂಡು ಸಿಗುವುದು ಕಷ್ಟವೇನೂ ಇಲ್ಲ," ಎಂದು ತೀರ್ಪು ಕೊಟ್ಟರು. ಮಾವನನ್ನು ನೋಡಿ, "ನಿನಗೆ ಯಾವಾಗ ಇಷ್ಟು ಬಿಳಿ ಕೂದಲು ಬಂತು?" ಎಂದು ಕೇಳಿದರು. ಮಾವ ಕಣ್ಣೊರೆಸಿಕೊಂಡು ಹೊರಗೆ ಹೋದರು.

ನರ್ಸಮ್ಮ ಇದೇ ಸಮಯವೆಂದು ಹೇಳಿದರು, "ಇನ್ನೊಂದು ಕಣ್ಣೂ ಹಣ್ಣಾಗ್ತಾ ಬಂತು ಅಮ್ಮ. ಡಾಕ್ಟ್ರು ಬೇಸಿಗೆಯಲ್ಲಿ ಮತ್ತೆ ಬರ್ತಾರೆ. ಹೋಗುವನಾ?"

"ಬೇಸಿಗೆಯಲ್ಲಿ ಬೇಡ," ಅಂದರು ಅಜ್ಜಿ. "ಬ್ಯಾರಿಗಳ ಉಪವಾಸದ ತಿಂಗಳಲ್ಲಿ ಹೋಗುವ."

"ಅದಕ್ಕೆ ಒಂದು ವರ್ಷ ಕಾಯಬೇಕಲ್ಲ!"

"ಕಾಯುವ. ಅಲ್ಲಿಯವರೆಗೆ ನೋಡ್ಲಿಕ್ಕೆ ಒಂದು ಕಣ್ಣು ಉಂಟಲ್ಲ. ಆ ಕಂಡಕ್ಟ್ರಿಗೆ ಒಂದು ಮಾತು ಹೇಳಿ ಇಡಿ, ಆ ಸಮಯಕ್ಕೆ ರಜೆ ಹಾಕುವುದು ಬೇಡ ಅಂತ."