ಪುಣಜನೂರಿಗೆ ಕೊಂಡ ಫೋನು

ನನ್ನ ತಂಗಿಯ ಮೊದಲ ಮಗು ಉಳಿಯಲಿಲ್ಲ. ಪುಣಜನೂರಿನ ಮೇನ್ ರೋಡಿನಿಂದ ಅವಳ ಮನೆ ತುಂಬ ಒಳಗೆ, ಹೊಲಗಳ ನಡುವೆ, ನಡೆದರೆ ಅರ್ಧ ಗಂಟೆ. ನೋವು ಕಾಣಿಸಿಕೊಂಡಾಗ ಅವಳ ಗಂಡ ಜೀಪು ಹುಡುಕಿಕೊಂಡು ಓಡಿದ್ದ. ಜೀಪು ಬಾಗಿಲಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಎರಡು ವರ್ಷದ ಮೇಲೆ ಅವಳು ಮತ್ತೆ ಬಸುರಿಯಾದಳು. ಎಲ್ಲರಿಗೂ ಖುಷಿ, ನನಗೆ ಮಾತ್ರ ದಿಗಿಲು ಹತ್ತಿಕೊಂಡಿತು. ಡಾಕ್ಟರಮ್ಮ ಬೇರೆ, ಈ ಸಲ ನೋವು ಬಂದ ತಕ್ಷಣ ಆಸ್ಪತ್ರೆಗೆ ತರಬೇಕು, ಒಂದು ಗಂಟೆಯೂ ಕಾಯುವಂತಿಲ್ಲ ಎಂದು ಹೇಳಿ ಕಳಿಸಿದ್ದರು.

ನಾನು ಆಗ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಟೀಚರು. ಒಂಬತ್ತು ತಿಂಗಳು ತುಂಬುತ್ತಲೇ ತಂಗಿಯನ್ನು ನನ್ನ ಮನೆಗೆ ಕರೆತರುವುದೆಂದು ಮಾತಾಗಿತ್ತು. ಅದಕ್ಕಿಂತ ಮೊದಲೇ ಕಳಿಸಲು ಅವಳ ಅತ್ತೆ ಒಪ್ಪಲಿಲ್ಲ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಪುಣಜನೂರಿನಲ್ಲಿ ಜೀಪಿನವನೊಬ್ಬನನ್ನು ಗೊತ್ತು ಮಾಡಿದೆ, ಫೋನ್ ಬಂದರೆ ಯಾವ ಹೊತ್ತಾದರೂ ಮನೆ ಬಾಗಿಲಿಗೇ ಬರಬೇಕೆಂದು. ಇನ್ನು ಉಳಿದದ್ದು ತಂಗಿಗೊಂದು ಮೊಬೈಲು ಕೊಡಿಸುವುದು.

ಚಾಮರಾಜನಗರದಲ್ಲಿ ನಮಗೆ ಗೊತ್ತಿದ್ದ ಸಾಬರ ಅಂಗಡಿಯೊಂದಿತ್ತು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು ಆಮೇಲೆ ಮೊಬೈಲು ಇಟ್ಟುಕೊಂಡಿದ್ದರು. ತಂಗಿಯ ಗಂಡನೂ ನನ್ನ ಜೊತೆ ಬಂದ. ಅವನ ಕಣ್ಣು ಹೋದದ್ದು ದೊಡ್ಡ ಪರದೆಯ ಸ್ಮಾರ್ಟ್ ಫೋನಿನ ಮೇಲೆ.

"ಅಕ್ಕ, ಇದ್ರಲ್ಲಿ ಅರಿಸಿನದ ರೇಟೂ ನೋಡ್ಬೋದಂತೆ ಕಣಕ್ಕ."

"ನಿನಗೆ ಅರಿಸಿನದ ಚಿಂತೆ. ನಾನು ಬಂದಿರೋದು ಯಾತಕ್ಕೆ ಅಂತ ಗೊತ್ತೈತಾ?" ಎಂದು ಗದರಿದೆ.

ಸಾಬರು ಒಂದೊಂದನ್ನೇ ತೆಗೆದು ಗಾಜಿನ ಮೇಲಿಟ್ಟರು. ತೀರ ಅಗ್ಗದ್ದೊಂದಿತ್ತು. ಅದಕ್ಕೆ ಬೇರೆ ಕಂಪನಿಯ ಸಿಮ್ ಹಾಕುವಂತಿಲ್ಲ, ಕೊಟ್ಟ ಕಂಪನಿಗೆ ಪುಣಜನೂರಿನಲ್ಲಿ ಟವರೇ ಇಲ್ಲ. ಇನ್ನೊಂದು ಸ್ಮಾರ್ಟ್ ಫೋನು, ಆಫರಿನಲ್ಲಿ ಅರ್ಧ ಬೆಲೆ. ಆದರೆ ಅದೂ ಒಂದೇ ಕಂಪನಿಗೆ ಕಟ್ಟುಬಿದ್ದದ್ದು, ಇಂಟರ್ನೆಟ್ಟಿನ ಗುಂಡಿಗೆ ಅಪ್ಪಿತಪ್ಪಿ ಬೆರಳು ತಾಕಿದರೂ ದುಡ್ಡು ಹೋಗುತ್ತಿತ್ತು. ಯಾವ ಸಿಮ್ ಬೇಕಾದರೂ ಹಾಕಬಹುದಾದ ಸಾದಾ ಸೆಟ್ಟುಗಳೂ ಇದ್ದವು. ಅವುಗಳನ್ನೇ ಕೊಳ್ಳೋಣವೆಂದರೆ ಸಾಬರು ತಲೆಯಾಡಿಸಿದರು.

"ಟೀಚರಮ್ಮ, ಅಲ್ಲಿ ಗಡಿ ಹತ್ರ. ತಮಿಳುನಾಡಿನ ಟವರು ಜೋರು. ಇವು ತಾವೇ ಆ ಕಡೆ ಹಾರಿಬಿಡ್ತವೆ. ರೋಮಿಂಗು ಆಗ್ತದೆ, ಬಂದ ಫೋನಿಗೂ ದುಡ್ಡು ಕಟ್ ಆಗ್ತದೆ."

ಅದು ನನಗೂ ತಿಳಿದ ಸಂಗತಿಯೇ. ತಂಗಿಯ ಮನೆಗೆ ಹೋದಾಗಲೆಲ್ಲ ನನ್ನ ಫೋನು ಟಿಂಗ್ ಎನ್ನುತ್ತಿತ್ತು. ಅವಳ ಅಡುಗೆಮನೆಯಲ್ಲಿ ಒಲೆ ಮುಂದೆ ಕೂತವಳಿಗೆ ತಮಿಳುನಾಡಿಗೆ ಸ್ವಾಗತ ಎಂದು ಮೆಸೇಜು ಬರುತ್ತಿತ್ತು. ಎರಡು ಫೋನು ಬಂದರೆ ಸಾಕು, ಹಾಕಿಸಿದ ಕರೆನ್ಸಿ ಖಾಲಿ. ಕರೆನ್ಸಿ ಖಾಲಿಯಾದರೆ ಒಂದು ಮಿಸ್ಡ್ ಕಾಲ್ ಕೊಡಲಿಕ್ಕೂ ಆಗದು. ನೋವು ಬಂದ ದಿನ ಹಾಗಾಗಿಬಿಟ್ಟರೆ? ಈ ಯೋಚನೆಯಲ್ಲಿ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಗುಂಡ್ಲುಪೇಟೆಯಲ್ಲಿ ಇದಕ್ಕೊಂದು ಉಪಾಯ ಎಲ್ಲರಿಗೂ ಗೊತ್ತಿತ್ತು. ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗುವ ಡ್ರೈವರುಗಳು ಗಡಿ ಹತ್ತಿರವಾಗುತ್ತಲೇ ಫೋನಿನ ಸೆಟ್ಟಿಂಗಿಗೆ ಹೋಗಿ, ನೆಟ್‌ವರ್ಕನ್ನು ಆಟೋಮ್ಯಾಟಿಕ್‌ನಿಂದ ಮ್ಯಾನುಯಲ್‌ಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ನಮ್ಮ ಕರ್ನಾಟಕದ ಸಿಗ್ನಲ್ ಬಿಟ್ಟು ಬೇರೆಯದಕ್ಕೆ ಅದು ಹೋಗದು. ನಮ್ಮ ಪಕ್ಕದ ಮನೆಯ ಡ್ರೈವರು ನನಗೂ ಕಲಿಸಿಕೊಟ್ಟಿದ್ದ. ಅದನ್ನು ಹೇಳಿದಾಗ ಸಾಬರು ಒಳಗಿನಿಂದ ಒಂದು ಹಳೆಯ ಸ್ಮಾರ್ಟ್ ಫೋನು ತಂದರು. ಯಾವ ಕಂಪನಿಯ ಬೀಗವೂ ಇಲ್ಲದ್ದು. ಮ್ಯಾನುಯಲ್ ಹಾಕಿಟ್ಟಾಗ ನಮ್ಮ ಸಿಗ್ನಲ್ ಹೋದರೆ ಅದು ಸುಮ್ಮನಿರುವುದಿಲ್ಲ, ಸುತ್ತ ಸಿಗುವ ಬೇರೆ ನೆಟ್‌ವರ್ಕುಗಳ ಹೆಸರು ತೋರಿಸಿ ಯಾವುದು ಬೇಕೆಂದು ಕೇಳುತ್ತದೆ. ಕೇಳದೆ ಹಾರುವುದಿಲ್ಲ. ನಾನು ಅದಕ್ಕೇ ಮರುಳಾದೆ. ತಂಗಿಯ ಗಂಡ ತನ್ನ ಅರಿಸಿನಕ್ಕೇ ಕೊಂಡೆನೆಂದು ಹಿಗ್ಗಿದ.

ಅಂಗಡಿಯಲ್ಲೇ ಮ್ಯಾನುಯಲ್ ಹಾಕತೊಡಗಿದೆ. ಸಾಬರು ತಡೆದರು.

"ಬೇಡ ಟೀಚರಮ್ಮ, ಬಸುರಿ ಹೆಂಗಸು. ಆಟೋಮ್ಯಾಟಿಕ್ ಇರಲಿ. ದುಡ್ಡು ಹೋದ್ರೆ ಹೋಗುತ್ತೆ."

"ದುಡ್ಡು ಹೋದ್ರೆ ಮಾತೂ ಹೋಗ್ತದಲ್ಲ ಭಾಯಿ," ಎಂದೆ. ಮ್ಯಾನುಯಲ್ ಹಾಕಿಯೇಬಿಟ್ಟೆ. ಗೆದ್ದೆ ಅಂದುಕೊಂಡು ಬಿಲ್ ಮಾಡಿಸಿದೆ.

ಆ ಭಾನುವಾರ ಪುಣಜನೂರಿಗೆ ಹೋಗಿ ತಂಗಿಯನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಪಾಠ ಮಾಡಿದೆ. ಹಸಿರು ಗುಂಡಿ ಒತ್ತಿದರೆ ಫೋನು ಹೋಗುತ್ತದೆ. ಒಂದನೇ ಹೆಸರು ನನ್ನದು, ಎರಡನೆಯದು ಜೀಪಿನವನದು. ಬೆಳಿಗ್ಗೆ ಎಂಟಕ್ಕೊಂದು, ಮಧ್ಯಾಹ್ನ ಹನ್ನೆರಡೂವರೆಗೊಂದು, ಸಂಜೆ ಆರಕ್ಕೊಂದು ಮಿಸ್ಡ್ ಕಾಲ್ ಕೊಡಬೇಕು. ಆ ಮೂರು ಬಂದರೆ ಎಲ್ಲ ಸರಿಯಾಗಿದೆ ಎಂದರ್ಥ. ಕೊನೆಗೆ ಬೇರೆ ನೆಟ್‌ವರ್ಕುಗಳ ಹೆಸರಿನ ಪಟ್ಟಿಯನ್ನೂ ತೋರಿಸಿದೆ.

"ಇಂಥದ್ದು ಬಂತು ಅಂದ್ರೆ ಬ್ಯಾಡ ಅಂತ ಈ ಬಲಗಡೆ ಗುಂಡಿ ಒತ್ತಬೇಕು. ಅದು ತಮಿಳುನಾಡಿಂದು. ಒಪ್ಪಿಕೊಂಡೆಯೋ, ಇರೋ ಕರೆನ್ಸಿನೆಲ್ಲ ನುಂಗಿಹಾಕ್ತದೆ. ತಿಳೀತಾ?"

"ಊಂ ಕಣಕ್ಕ."

"ಎಲ್ಲಿ, ಇನ್ನೊಂದ್ಸಲ ಹೇಳು."

ಅವಳು ಮಕ್ಕಳ ಹಾಗೆ ಒಪ್ಪಿಸಿದಳು. ಒಂದು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಮೂರು ಹೊತ್ತೂ ಗಡಿಯಾರ ನೋಡಿದ ಹಾಗೆ ಮಿಸ್ಡ್ ಕಾಲ್ ಬರುತ್ತಿತ್ತು. ನನ್ನ ಜಾಣತನದ ಬಗ್ಗೆ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳದ ದಿನವಿಲ್ಲ.

ಎಂಟು ತಿಂಗಳು ತುಂಬಿ ವಾರವಾಗಿತ್ತು. ಒಂದು ದಿನ ಬೆಳಿಗ್ಗೆಯದು ಬಂತು, ಮಧ್ಯಾಹ್ನದ್ದು ಬರಲಿಲ್ಲ. ಹನ್ನೆರಡೂವರೆ ಆಯಿತು, ಮುಕ್ಕಾಲು ಆಯಿತು. ಮಕ್ಕಳು ಊಟಕ್ಕೆ ಸಾಲು ಕೂತಿದ್ದರು. ನಾನೇ ಫೋನ್ ಮಾಡಿದೆ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಆ ಹೆಂಗಸಿನ ದನಿ ಹೇಳಿತು. ಇನ್ನೊಮ್ಮೆ ಮಾಡಿದೆ, ಮತ್ತೂ ಅದೇ ಮಾತು. ಸ್ವಿಚ್ ಆಫ್ ಅಲ್ಲ, ವ್ಯಾಪ್ತಿಯ ಹೊರಗೆ. ಆ ಮನೆಯಲ್ಲಿ ಸಿಗ್ನಲ್ ಇಲ್ಲ ಎಂಬ ಮಾತೇ ಇಲ್ಲ. ನಮ್ಮದು ಹೋದರೂ ತಮಿಳುನಾಡಿನದು ಇದ್ದೇ ಇರುತ್ತದೆ. ಅದಕ್ಕೆ ಬಾಗಿಲು ಹಾಕಿ ಬಂದವಳು ನಾನೇ.

ಜೀಪಿನವನಿಗೆ ಮಾಡಿದೆ; ಅವನೂ ಎಲ್ಲ ಡ್ರೈವರುಗಳ ಹಾಗೆ ಮ್ಯಾನುಯಲ್ ಹಾಕಿಕೊಂಡವನೇ, ಅವನೂ ವ್ಯಾಪ್ತಿಯ ಹೊರಗೆ. ಆಗ ಗೊತ್ತಾಯಿತು, ಅಲ್ಲಿ ನಮ್ಮ ಟವರೇ ಕೆಟ್ಟಿದೆ ಎಂದು. ತಂಗಿಯ ಗಂಡ ಅರಿಸಿನ ಮಾರಲು ಹಿಂದಿನ ದಿನವೇ ತಮಿಳುನಾಡಿನ ಕಡೆಗೆ ಹೋಗಿದ್ದ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಹೆಡ್‌ಮಾಸ್ಟರಿಗೆ ಏನು ಹೇಳಿದೆನೋ ನೆನಪಿಲ್ಲ, ಬಸ್ ಸ್ಟ್ಯಾಂಡಿಗೆ ಓಡಿದೆ.

ಚಾಮರಾಜನಗರದ ಬಸ್ಸು ಅಂದು ತೆರಕಣಾಂಬಿಯಲ್ಲಿ ನಿಂತದ್ದು ನಿಂತೇ ಇತ್ತು. ಕಂಡಕ್ಟರು ಇಳಿದು ಕಾಫಿ ಕುಡಿಯುತ್ತಿದ್ದ. ನಾನು ಕಿಟಕಿಯಿಂದಲೇ ಕೂಗಾಡಿಬಿಟ್ಟೆ. "ಇರಿ ಕಣಮ್ಮ, ಬಸ್ಸೇನು ಆರ್ಕೊಂಡೋದದಾ" ಎಂದು ಅವನು ನಕ್ಕ. ದಾರಿಯುದ್ದಕ್ಕೂ ಫೋನ್ ಒತ್ತಿದೆ, ಒತ್ತಿದಾಗಲೆಲ್ಲ ಅದೇ ಹೆಂಗಸು ಅದೇ ಮಾತು. ಹಿಂದಿನ ಸಲ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ ಕೂಸಿನ ಭಾರ ಮಡಿಲಲ್ಲಿ ಮತ್ತೆ ಕೂತಂತಾಯಿತು. ಹಿಮವದ್ ಗೋಪಾಲಸ್ವಾಮಿಗೆ ಹರಕೆ ಹೊತ್ತೆ, ಏನು ಹೊತ್ತೆನೆಂದು ಆಮೇಲೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಇಳಿದವಳು ನೇರ ಸಾಬರ ಅಂಗಡಿಗೆ ಹೋದೆ. ಇನ್ನಾರೂ ನನಗೆ ತೋಚಲಿಲ್ಲ. ನನ್ನ ಮುಖ ನೋಡಿಯೇ ಅವರು ಎದ್ದು ನಿಂತರು.

"ಮ್ಯಾನುಯಲ್ ತೆಗೀಲೇ ಇಲ್ವಾ?"

ನಾನು ತಲೆ ತಗ್ಗಿಸಿದೆ. ಅವರು ಶಟರ್ ಎಳೆದು ತಮ್ಮ ಓಮ್ನಿ ತೆಗೆದರು. ಬೈದಿದ್ದರೆ ಎಷ್ಟೋ ಸುಖವಾಗುತ್ತಿತ್ತು. ಪುಣಜನೂರಿನ ರಸ್ತೆಯಲ್ಲಿ ರಾತ್ರಿಯ ಗಾಳಿಗೆ ಬಿದ್ದ ಮರವೊಂದು ಕರೆಂಟಿನ ತಂತಿಯ ಮೇಲೆ ಹಾಗೆಯೇ ಇತ್ತು. ಕರೆಂಟಿಲ್ಲ, ಟವರಿನ ಡೀಸೆಲ್ ಬೆಳಿಗ್ಗೆಯೇ ಮುಗಿದಿದೆ ಎಂದು ಅಲ್ಲಿ ನಿಂತಿದ್ದವರು ಹೇಳಿದರು. ಒಳದಾರಿಗೆ ತಿರುಗಿದಾಗ ನನ್ನ ಫೋನು ಟಿಂಗ್ ಎಂದಿತು. ತಮಿಳುನಾಡಿಗೆ ಸ್ವಾಗತ. ಸಿಗ್ನಲಿನ ಕಡ್ಡಿಗಳು ಪೂರ್ತಿ ನಿಂತಿದ್ದವು. ನನಗೆ ಅಳು ಬಂತು.

ಮನೆಗೆ ಬೀಗ. ಜಗುಲಿಯಿಂದ ಅಂಗಳದವರೆಗೆ ನೀರು ಹಾಕಿ ತೊಳೆದಿದ್ದರು. ಏನನ್ನು ತೊಳೆದರೋ ಎಂದುಕೊಂಡು ಅಕ್ಕಪಕ್ಕದವರನ್ನು ಕೂಗಿ ಕರೆದೆ. ಪಕ್ಕದ ಹೊಲದ ಮುದುಕಿ ಬಂದಳು.

"ನಿಮ್ ತಂಗಿಯಾ? ಬಾಳ ರಕ್ತ ಓಯ್ತವ್ವ. ಮಂಚದ ಮ್ಯಾಲೆ ಒತ್ಕೊಂಡು ರೋಡ್ಗೋದ್ರು. ಎಲೆಕೋಸಿನ ಟೆಂಪೋ ಸಿಕ್ತಂತೆ, ನಗರಕ್ಕೆ ಕರ್ಕೊಂಡೋದ್ರು."

"ಉಸಿರಿತ್ತಾ?"

"ಓಗೋವಾಗ ಇತ್ತು ಕಣವ್ವ."

ಅದೇ ದಾರಿಯಲ್ಲಿ ನಾವು ಎಷ್ಟೋ ಟೆಂಪೋಗಳನ್ನು ದಾಟಿ ಬಂದಿದ್ದೆವು. ಓಮ್ನಿ ಮತ್ತೆ ತಿರುಗಿತು. ಸಾಬರು ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ನಾನು ಎರಡೂ ಕೈ ಬಾಯಿಗೆ ಒತ್ತಿಕೊಂಡು ಕೂತಿದ್ದೆ.

ಆಸ್ಪತ್ರೆಯ ವರಾಂಡದಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು, "ಎಣ್ಣು ಮಗ. ಉಳ್ಕೊಂಡದೆ," ಎಂದಳು. ನನ್ನ ಕಿವಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡೆ. ಕೂಸು ತೂಕವಿಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದೇವೆ ಎಂದು ನರ್ಸಮ್ಮ ತಿಳಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಇನ್ನರ್ಧ ಗಂಟೆ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ, ಎರಡು ಗಂಟೆ ಹೊತ್ತು ಮನೆಯಲ್ಲೇ ಯಾಕೆ ಇಟ್ಟುಕೊಂಡಿದ್ದಿರಿ ಎಂದು ಕೇಳಿದರು.

ತಂಗಿಯ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಕೈಗೆ ಬಾಟಲಿ ಏರಿಸಿದ್ದರು. ನನ್ನನ್ನು ನೋಡಿ ಇನ್ನೊಂದು ಕೈಯಿಂದ ತಲೆದಿಂಬಿನ ಕೆಳಗೆ ತಡವಿ, ಕರವಸ್ತ್ರದಲ್ಲಿ ಸುತ್ತಿದ ಫೋನು ತೆಗೆದಳು.

"ಅಕ್ಕ, ಜೀಪ್ನೋನ್ಗೆ ಓಗ್ನೇ ಇಲ್ಲ ಕಣಕ್ಕ. ನಿಂಗೂ ಓಗ್ನಿಲ್ಲ. ಅದು ಐದಾರು ಸಲ ಆ ಎಸ್ರುಗಳ ತೋರ್ಸಿ ಕೇಳ್ತು. ನೀನು ಏಳಿದ್ಯಲ್ಲ, ಎಷ್ಟು ನೋವಾದ್ರೂ ಮರೀನಿಲ್ಲ ನಾನು, ಬ್ಯಾಡ ಅಂತ್ಲೇ ಒತ್ತಿದೆ. ಕರೆನ್ಸಿ ಅಂಗೇ ಅದೆ, ಬೇಕಾದ್ರೆ ನೋಡು."

ನಾನು ಅವಳ ಹಣೆಯ ಮೇಲಿನ ಕೂದಲು ಸರಿಸಿ, "ಒಳ್ಳೇದು ಮಾಡ್ದೆ ಕಣಮ್ಮಿ," ಎಂದೆ.